ಪಡುವಣ ಮನೆಯ ಮರಳು

ಒಡ್ಡು ಕಟ್ಟಿಕೊಡಿ ಎಂದು ಯಾರೇ ಬಂದರೂ ನಮ್ಮಪ್ಪ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿಮ್ಮ ಪಡುವಣಕ್ಕೆ ಯಾರ ಮನೆ ಇದೆ? ಮೆರಿದಾ ಪಟ್ಟಣದಿಂದ ಕಾರಿನಲ್ಲಿ ಬಂದಿಳಿಯುವ ಬೇಸಿಗೆ ಮನೆಗಳ ಯಜಮಾನರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಕೆಲಸ ಯಾವಾಗ ಮುಗಿಯುತ್ತದೆ ಎಂದು ಅವರು ಕೇಳಿದರೆ, ಇವರು ನೆರೆಮನೆಯವರ ಕ್ಷೇಮಸಮಾಚಾರ ವಿಚಾರಿಸುತ್ತಿದ್ದರು. ಪಡುವಣಕ್ಕೆ ಖಾಲಿ ಜಾಗವೋ ಇನ್ನೊಬ್ಬ ಶ್ರೀಮಂತನ ಬಂಗಲೆಯೋ ಇದ್ದರೆ ಅಪ್ಪ ಹೂಂ ಎನ್ನುತ್ತಿದ್ದರು. ಮೀನುಗಾರರ ಮನೆಯಿದ್ದರೆ ಮಾತ್ರ, ನನಗೆ ಸೊಂಟನೋವು, ಬೇರೆಯವರನ್ನು ನೋಡಿಕೊಳ್ಳಿ ಎಂದು ಸಾಗಹಾಕುತ್ತಿದ್ದರು. ಅವರ ಸೊಂಟ ಗುಂಡುಕಲ್ಲಿನಂತಿತ್ತು. ಸಾನ್ ಕಾಮಿಲೋ ಊರಿಗೆಲ್ಲ ಅದು ಗೊತ್ತಿತ್ತು.

ಕಾರಣ ಇಷ್ಟೇ. ಮೆಕ್ಸಿಕೋದ ನಮ್ಮ ಯುಕಾತಾನ್ ದಡದಲ್ಲಿ ಮರಳು ಇದ್ದಲ್ಲಿ ಇರುವುದಿಲ್ಲ. ಮೂಡಣದಿಂದ ಪಡುವಣಕ್ಕೆ ದಡದ ಗುಂಟ ಸದಾ ಸರಿಯುತ್ತಲೇ ಇರುತ್ತದೆ. ದಡದಿಂದ ಕಡಲೊಳಕ್ಕೆ ನೇರವಾಗಿ ಒಂದು ಒಡ್ಡು ಚಾಚಿದರೆ, ಹೊರಟ ಮರಳು ಅದರ ಮೂಡಣ ಮಗ್ಗುಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಡ್ಡು ಹಾಕಿದವನ ಅಂಗಳ ಬೆಳೆಯುತ್ತದೆ. ಪಡುವಣದವನಿಗೆ ಬರಬೇಕಾದದ್ದು ಬರುವುದಿಲ್ಲ, ಇದ್ದದ್ದನ್ನೂ ಕಡಲು ಒಯ್ಯುತ್ತದೆ. ಒಬ್ಬರ ಎಲೆಯ ಅನ್ನವನ್ನು ಇನ್ನೊಬ್ಬರ ಎಲೆಗೆ ಬಳಿಯುವ ಕೆಲಸ ಇದು. ಅಪ್ಪನಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ; ಕಟ್ಟಿ ಕಟ್ಟಿ ಕಣ್ಣಾರೆ ಕಂಡಿದ್ದರು.

ಎವೆಲಿಯೋ ಕಾನ್ಚೆ ಅಂತ ಅವರ ಹೆಸರು. ಗಾರೆ ಕೆಲಸದವರು. ಒಡ್ಡಿಗೆ ಅವರು ಹಾಕಿ ನೋಡದ ವಸ್ತುವಿಲ್ಲ. ಮೊದಲು ಮರದ ಗೂಟ, ಸುಣ್ಣಕಲ್ಲು. ಕಲ್ಲು ತರಿಸುವುದು ತ್ರಾಸವಾದಾಗ ಲಾರಿಗಳ ಹಳೆ ಟೈರು. ಟೈರುಗಳನ್ನು ಹಗ್ಗದಲ್ಲಿ ಪೋಣಿಸಿ, ಮರಳು ತುಂಬಿ ಕೂರಿಸಿದ್ದರು. ಚಳಿಗಾಲದ ಮೊದಲ ಬಡಗಣ ಗಾಳಿಗೇ ಹಗ್ಗ ಹರಿದು ಎಲ್ಲವೂ ಕಡಲ ಪಾಲಾಯಿತು. ಆಮೇಲೆ ವರ್ಷಗಟ್ಟಲೆ, ಯಾರ ಬಲೆಗೆ ಟೈರು ಸಿಕ್ಕಿದರೂ ಅದನ್ನು ಉರುಳಿಸಿಕೊಂಡು ಬಂದು, ನಿಮ್ಮ ಮೀನು ಬಂದಿದೆ ದೋನ್ ಎವೆಲಿಯೋ ಎಂದು ನಮ್ಮ ಬಾಗಿಲಿಗೆ ಒರಗಿಸಿ ಹೋಗುತ್ತಿದ್ದರು. ಆಮೇಲೆ ಸಕ್ಕರೆಯ ಪ್ಲಾಸ್ಟಿಕ್ ಚೀಲ ಹಾಕಿ ನೋಡಿದರು. ಬಿಸಿಲಿಗೆ ಅದು ಹಪ್ಪಳದಂತೆ ಪುಡಿಯಾಯಿತು. ಕೊನೆಗೆ ಕೈಹತ್ತಿದ್ದು ಕತ್ತಾಳೆ ನಾರಿನ ಚೀಲ. ನಮ್ಮ ಒಳನಾಡಿನಲ್ಲಿ ಕತ್ತಾಳೆಗೆ ಬರವಿಲ್ಲ. ಮರಳಿಗೆ ಸ್ವಲ್ಪ ಸಿಮೆಂಟು ಬೆರೆಸಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ನೀರಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ಮುಗಿಯಿತು. ನಾರು ಕೊಳೆಯುವ ಹೊತ್ತಿಗೆ ಒಳಗಿನದು ಕಲ್ಲಾಗಿರುತ್ತದೆ. ಅಪ್ಪನಿಗೆ ಇದರ ಬಗ್ಗೆ ಎಷ್ಟು ಹೆಮ್ಮೆಯಿತ್ತೆಂದರೆ, ಊಟಕ್ಕೆ ಕೂತಾಗಲೂ ಚೀಲದ್ದೇ ಪುರಾಣ.

ನಮ್ಮ ಪಡುವಣಕ್ಕಿದ್ದ ಮನೆ ನಸಾರಿಯೋ ಪೆಚ್ ಅವರದು. ಚರ್ಚಿನಲ್ಲಿ ನನ್ನನ್ನು ಎತ್ತಿಕೊಂಡು ತಲೆಗೆ ನೀರು ಹುಯ್ಯಿಸಿದವರು ಅವರೇ. ಅಂದಿನಿಂದ ನನಗೆ ಅವರು ಪಾದ್ರಿನೋ, ಅಂದರೆ ಧರ್ಮದ ತಂದೆ. ಅವರೂ ಅಪ್ಪನೂ ಒಬ್ಬರಿಗೊಬ್ಬರು ಕಂಪಾದ್ರೆ, ಹೆಂಡಂದಿರು ಕೊಮಾದ್ರೆ. ಈ ನಂಟು ರಕ್ತದ್ದಲ್ಲ, ಆದ್ದರಿಂದಲೇ ರಕ್ತಕ್ಕಿಂತ ಬಿಗಿ. ಒಡಹುಟ್ಟಿದವರು ಜಗಳವಾಡಬಹುದು, ಕೋರ್ಟು ಮೆಟ್ಟಿಲೂ ಹತ್ತಬಹುದು. ಕಂಪಾದ್ರೆಗಳು ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯುವಂತೆಯೂ ಇಲ್ಲ. ಕಂಪಾದ್ರೆಯ ಮೇಲೆ ದೂರು ಹೇಳಿದವನಿಗೆ ಸತ್ತ ಮೇಲೆ ಗುಟುಕು ನೀರೂ ಸಿಗುವುದಿಲ್ಲ ಎಂದು ನಮ್ಮಜ್ಜಿ ಹೆದರಿಸುತ್ತಿದ್ದರು. ನಸಾರಿಯೋ ಆಕ್ಟೋಪಸ್ ಹಿಡಿಯುವವರು. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಹಂಗಾಮಿನಲ್ಲಿ ದೊಡ್ಡ ದೋಣಿ ಹತ್ತಿ ಹೋದರೆ ವಾರ ಕಳೆದು ಬರುತ್ತಿದ್ದರು. ದೋಣಿ ಇಳಿದವರು ತಮ್ಮ ಮನೆಗೆ ಹೋಗುವ ಮೊದಲು ನಮ್ಮ ಮನೆಗೆ ಬಂದು ಒಂದು ಆಕ್ಟೋಪಸ್ ಕೊಟ್ಟೇ ಮುಂದೆ ಹೋಗುತ್ತಿದ್ದರು.

ಒಂದು ಜನವರಿಯಲ್ಲಿ ಬಡಗಣ ಗಾಳಿ ನಮ್ಮ ಅಡುಗೆಮನೆಯನ್ನು ಎತ್ತಿಕೊಂಡು ಹೋಯಿತು. ಒಲೆಗೂಡು, ನೀರಿನ ತೊಟ್ಟಿ, ಅಮ್ಮನ ಕಾವಲಿ, ಯಾವುದೂ ಸಿಗಲಿಲ್ಲ. ನಮ್ಮಮ್ಮ ಎಲ್ಸಿ ಅಳುವ ಪೈಕಿಯಲ್ಲ, ಕುಟುಕುವ ಪೈಕಿ. ಹೊರಗೆ ಮೂರು ಕಲ್ಲು ಹೂಡಿ ರೊಟ್ಟಿ ಸುಡುತ್ತಾ ಶುರು ಮಾಡಿದರು.

"ಊರವ್ರ ಅಂಗಳ ಉಳಿಸೋ ಕೈಗೆ ನನ್ನ ಒಲೆ ಉಳಿಸೋಕೆ ಬರ್ಲಿಲ್ಲ ನೋಡು."

"ಪಡುವಣಕ್ಕೆ ಕಂಪಾದ್ರೆ ಇದ್ದಾರೆ ಕಣೇ," ಎಂದರು ಅಪ್ಪ.

"ಇರ್ಲಿ ಬಿಡಿ. ನಾಳೆ ಮನೆ ಪೂರಾ ಹೋದ್ರೆ ಕಂಪಾದ್ರೆ ಹೆಗಲ ಮೇಲೇ ಮಲಗೋಣ."

ಅಮ್ಮನನ್ನು ನಾನು ದೂರುವುದಿಲ್ಲ. ಹೆಂಗಸಿಗೆ ಒಲೆ ಹೋದರೆ ಏನಾಗುತ್ತದೆಂದು ಮೀನು ಕರಿದು ಮಾರಿ ಬದುಕುವ ನನಗೆ ಗೊತ್ತು. ಆದರೆ ಅಪ್ಪ ಅಂದು ಹೇಳಿದ ಮಾತನ್ನು ನಾನು ಮರೆತಿಲ್ಲ. ಚಿಕ್ಕದೊಂದು ಹಾಕೋಣ, ಚಿಕ್ಕದು ಏನೂ ಮಾಡುವುದಿಲ್ಲ ಎಂದರು. ಬೇರೆ ಯಾರಾದರೂ ಹಾಗೆಂದಿದ್ದರೆ ಅವರೇ ನಗುತ್ತಿದ್ದರು. ಕಸುಬು ಬಲ್ಲವನು ತನಗೆ ತಾನೇ ಸುಳ್ಳು ಹೇಳಿಕೊಂಡರೆ ಅದನ್ನು ಹಿಡಿಯಲು ಇನ್ನೊಬ್ಬರಿಗೆ ಆಗುವುದಿಲ್ಲ.

ಒಡ್ಡು ಎದ್ದದ್ದು ನಮ್ಮ ಜಾಗದ ಪಡುವಣ ಅಂಚಿನಲ್ಲಿ, ನಸಾರಿಯೋ ಬೇಲಿಯ ಪಕ್ಕದಲ್ಲೇ. ಅದು ಆಕ್ಟೋಪಸ್ ಹಂಗಾಮಲ್ಲ, ನಸಾರಿಯೋ ಕೈ ಖಾಲಿಯಿತ್ತು. ಕಂಪಾದ್ರೆ ಒಬ್ಬರೇ ಚೀಲ ಹೊರುವುದನ್ನು ನೋಡಿಕೊಂಡು ತೂಗುಹಾಸಿಗೆಯಲ್ಲಿ ಮಲಗುವ ಜೀವ ಅದಲ್ಲ. ಅಂಗಿ ಕಳಚಿ ಬಂದರು. ತುಂಬಿದ ಚೀಲಗಳನ್ನು ಹೆಗಲಿಗೇರಿಸಿ ಎದೆಮಟ್ಟ ನೀರಿಗೆ ಇಳಿದು, ಅಪ್ಪ ತೋರಿಸಿದಲ್ಲಿ ಇಟ್ಟರು. ಇನ್ನೂ ಸ್ವಲ್ಪ ಉದ್ದ ಮಾಡೋಣ ಕಂಪಾದ್ರೆ, ಇಷ್ಟಕ್ಕೆ ಕಡಲು ಹೆದರುತ್ತದೆಯೇ ಎಂದು ಅವರೇ ಹುರಿದುಂಬಿಸುತ್ತಿದ್ದರು. ಅಪ್ಪ ಬೇಡ ಎನ್ನಲಿಲ್ಲ. ಸಂಜೆ ಇಬ್ಬರೂ ಅಲ್ಲೇ ಕೂತು ಬಿಯರು ಕುಡಿದರು.

ಮರುವರ್ಷ ನಮ್ಮ ಅಂಗಳ ಬೆಳೆಯಿತು. ಅಮ್ಮನಿಗೆ ಹೊಸ ಅಡುಗೆಮನೆ ಆಯಿತು. ಅದೇ ವರ್ಷ ನಸಾರಿಯೋ ಮನೆಯ ಮುಂದಿನ ತೆಂಗಿನಮರ ಬೇರು ಕಾಣಿಸಿಕೊಂಡು ನಿಂತಿತ್ತು, ಆಮೇಲೆ ಬಿತ್ತು. ಅದರ ಹಿಂದೆ ಬಟ್ಟೆ ಒಗೆಯುವ ಕಲ್ಲು, ಕೋಳಿಗೂಡು. ನಸಾರಿಯೋ ಇದನ್ನೆಲ್ಲ ಪಕ್ಕದ ಬಂದರಿನ ಹಡಗುಕಟ್ಟೆಯ ತಲೆಗೆ ಕಟ್ಟಿದರು. ಅಷ್ಟುದ್ದ ಕಟ್ಟೆ ಕಟ್ಟಿದ ಮೇಲೆ ಮರಳು ಎಲ್ಲಿಂದ ಬರಬೇಕು, ಅಲ್ವಾ ಕಂಪಾದ್ರೆ ಎಂದು ಅಪ್ಪನನ್ನೇ ಕೇಳಿದರು. ಅಪ್ಪ ನೆಲ ನೋಡುತ್ತಾ ಹೌದು ಎಂದರು. ನಾನು ಅಲ್ಲೇ ಮೀನಿನ ಹೊಟ್ಟೆ ಸೀಳುತ್ತಿದ್ದೆ. ಸೊಂಟನೋವಿನ ನೆಪವೊಂದು ಬಿಟ್ಟರೆ ನಮ್ಮಪ್ಪ ಇನ್ನೊಬ್ಬರಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಮತ್ತು ನನ್ನ ಮುಖಕ್ಕೆ ಬೆಂಕಿ ಇಟ್ಟಂತಾಯಿತು.

ಆಮೇಲೆ ಶುರುವಾಯಿತು ಅಪ್ಪನ ಪ್ರಾಯಶ್ಚಿತ್ತ. ನಸಾರಿಯೋ ಮನೆಯ ಒಗೆಯುವ ಕಲ್ಲನ್ನು ಹಿತ್ತಲಿಗೆ ಹೊತ್ತು ಹೊಸದಾಗಿ ಕಟ್ಟೆ ಕಟ್ಟಿಕೊಟ್ಟರು. ಕೋಳಿಗೂಡು ಕಟ್ಟಿಕೊಟ್ಟರು. ಮನೆಯ ಮುಂದೆ ಚೀಲಗಳನ್ನು ಸಾಲಾಗಿ ಪೇರಿಸಿಕೊಟ್ಟರು. ಬುಡದ ಮರಳೇ ಹೋಗುತ್ತಿದ್ದಾಗ ಪೇರಿಸಿದ್ದು ಎಲ್ಲಿ ನಿಂತೀತು. ಬಿದ್ದಾಗಲೆಲ್ಲ ಮತ್ತೆ ಪೇರಿಸಿದರು. ಬೇರೆ ಕಡೆ ಒಪ್ಪಿಕೊಂಡ ಕೆಲಸ ಬಿಟ್ಟು ಅಲ್ಲೇ ಬಿದ್ದಿರುತ್ತಿದ್ದರು. ನಸಾರಿಯೋ ಮೀನುಪೇಟೆಯಲ್ಲಿ ನಿಂತು, ಇಂಥ ಕಂಪಾದ್ರೆ ಸಿಗಲು ಪುಣ್ಯ ಮಾಡಿರಬೇಕು ಎಂದು ಊರಿಗೆಲ್ಲ ಸಾರುತ್ತಿದ್ದರು. ಆ ಹೊಗಳಿಕೆ ಕಿವಿಗೆ ಬಿದ್ದ ದಿನ ಅಪ್ಪ ಊಟ ಬಿಡುತ್ತಿದ್ದರು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು ಅವರದಾಗಿತ್ತು.

ನಸಾರಿಯೋ ಹೆಂಡತಿ ಮಿರ್ನಾಗೆ ಮಾತ್ರ ಕಣ್ಣು ನೆಟ್ಟಗಿತ್ತು. ಸತ್ತವರ ಹಬ್ಬಕ್ಕೆ ನಮ್ಮಲ್ಲಿ ಜೋಳದ ಹಿಟ್ಟಿನೊಳಗೆ ಕೋಳಿ ತುಂಬಿ, ಬಾಳೆಲೆಯಲ್ಲಿ ಸುತ್ತಿ, ಅಂಗಳದಲ್ಲಿ ಗುಂಡಿ ತೋಡಿ ಕೆಂಡದ ಮೇಲೆ ಹೂತು ಬೇಯಿಸುತ್ತಾರೆ. ಆ ವರ್ಷ ಮಿರ್ನಾ ತಮ್ಮ ಕಡುಬುಗಳನ್ನೆಲ್ಲ ಹೊತ್ತುಕೊಂಡು ನಮ್ಮ ಅಂಗಳಕ್ಕೇ ಬಂದರು.

"ಕೊಮಾದ್ರೆ, ಗುಂಡಿ ತೋಡೋಕೆ ನಮ್ಮಲ್ಲಿ ನೆಲ ಇಲ್ಲ. ನಿಮ್ಮಲ್ಲಿ ಬೆಳೆದಿದೆಯಲ್ಲ, ಒಂದಿಷ್ಟು ಕೊಡಿ."

ಅಪ್ಪ ಎದ್ದು ಗುಂಡಿ ತೋಡಿದರು. ಅಷ್ಟು ಆಳ ಬೇಡ ದೋನ್ ಎವೆಲಿಯೋ, ಕೋಳಿ ಬೇಯಿಸ್ತಿರೋದು, ಯಾರನ್ನೂ ಹೂಳ್ತಿಲ್ಲ ಎಂದರು ಮಿರ್ನಾ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಪ್ಪ ಸನಿಕೆ ಅಲ್ಲೇ ಬಿಟ್ಟು ಒಳಗೆ ಹೋದರು.

ಅಲೆ ನಸಾರಿಯೋ ಮನೆಯ ಮುಂಗೋಡೆಗೆ ಬಡಿಯುವಷ್ಟು ಹತ್ತಿರ ಬಂದ ವರ್ಷ, ವಿಶ್ವವಿದ್ಯಾಲಯದವರು ನಮ್ಮ ಶಾಲೆಯ ಜಗಲಿಯಲ್ಲಿ ಒಂದು ಸಭೆ ಮಾಡಿದರು. ಇಂಜಿನಿಯರ್ ಹುಡುಗಿಯೊಬ್ಬಳು ಚಿತ್ರ ತೋರಿಸಿದಳು. ಒಡ್ಡನ್ನು ತಗ್ಗಾಗಿ, ನಡುನಡುವೆ ಸಂದು ಬಿಟ್ಟು ಕಟ್ಟಿದರೆ ಅರ್ಧ ಮರಳು ನಿಲ್ಲುತ್ತದೆ, ಅರ್ಧ ಮುಂದಕ್ಕೆ ದಾಟುತ್ತದೆ ಎಂದಳು. ಯಾರೋ ಎದ್ದು ಚಿಕ್ಕ ಒಡ್ಡಿನಿಂದಲೂ ಕೆಡುಕೇ ಎಂದು ಕೇಳಿದರು. ಪಕ್ಕದ ಮನೆಯವರನ್ನು ಕೇಳಿ ನೋಡಿ ಎಂದು ಅವಳು ನಕ್ಕಳು, ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಆದರೆ ಮನೆಗೆ ಬರುವಾಗ ಅವರ ನಡಿಗೆಯಲ್ಲಿ ಒಂದು ಹುರುಪಿತ್ತು. ಯಾರಿಗೂ ಏನೂ ಹೇಳದೆಯೇ ಸರಿಪಡಿಸುವ ದಾರಿ ಸಿಕ್ಕಿತ್ತಲ್ಲ, ಅದಕ್ಕೆ. ಅವರ ಆ ಸಣ್ಣತನ ನನಗೆ ಆಗಲೇ ತಿಳಿಯಿತು. ಆದರೂ ನಾನೂ ಹಗುರಾದೆ.

ಸೆಪ್ಟೆಂಬರಿನಲ್ಲಿ ನಸಾರಿಯೋ ದೋಣಿ ಹತ್ತಿ ಹೋಗಿದ್ದಾಗ ಅಪ್ಪ ಹಾರೆ ಹಿಡಿದು ನೀರಿಗಿಳಿದರು. ಕಲ್ಲಾಗಿದ್ದ ಚೀಲಗಳನ್ನು ಮೀಟಿ, ಒಡ್ಡಿನ ನಡುವೆ ಅಲ್ಲಲ್ಲಿ ಬಾಗಿಲಿನಷ್ಟು ಸಂದು ತೆರೆದು, ತೆಗೆದದ್ದನ್ನು ಪಕ್ಕಕ್ಕೆ ಉರುಳಿಸಿದರು. ಕಡಲೇ ಕೆಡವಿತು ಎಂದು ಅಮ್ಮನಿಗೆ ಹೇಳಿದರು. ಅಮ್ಮ ನಂಬಿದರೋ ನಂಬಿದಂತೆ ಮಾಡಿದರೋ ಕಾಣೆ. ಮರಳು ದಾಟತೊಡಗಿತು. ಬೆಳಗಾದರೆ ಅಪ್ಪ ಬೇಲಿಯ ಬಳಿ ನಿಂತು ನಸಾರಿಯೋ ಗೋಡೆಯ ಬುಡವನ್ನೇ ನೋಡುತ್ತಿದ್ದರು. ಬುಡದಲ್ಲಿ ಒಂದು ತೆಳ್ಳನೆಯ ಪಟ್ಟಿ ಬಿದ್ದಿತ್ತು. ನಾನೂ ಹೋಗಿ ನೋಡಿದ್ದೆ.

ಆಮೇಲೆ ಅಪ್ಪ ಕೆಲಸಕ್ಕೆಂದು ಮೆರಿದಾಗೆ ಹೋಗಿದ್ದಾಗ ನಸಾರಿಯೋ ದೋಣಿ ದಡಕ್ಕೆ ಬಂತು. ಅಪ್ಪ ಒಂದು ಭಾನುವಾರ ವಾಪಸಾದರು. ನಾನು ಬಸ್ಸಿನ ಹತ್ತಿರ ಹೋಗಿ ವಿಷಯ ಹೇಳಬೇಕಿತ್ತು. ಹೋಗಲಿಲ್ಲ. ಅವರು ನೇರವಾಗಿ ದಡಕ್ಕೆ ಬಂದರು. ಒಡ್ಡು ಇಡಿಯಾಗಿ ನಿಂತಿತ್ತು, ಮೊದಲಿಗಿಂತ ಬಿಗಿಯಾಗಿ. ಸಂದುಗಳೆಲ್ಲ ಮುಚ್ಚಿದ್ದವು. ನಸಾರಿಯೋ ತಮ್ಮ ಇಬ್ಬರು ಭಾವಮೈದುನರನ್ನು ಕಟ್ಟಿಕೊಂಡು, ಉರುಳಿದ್ದನ್ನೆಲ್ಲ ನೀರಿನೊಳಗಿಂದ ಎತ್ತಿ ಕೂರಿಸಿದ್ದರು. ಅವರ ಹೆಗಲು ಸುಲಿದು ಕೆಂಪಾಗಿತ್ತು.

"ನೀವಿಲ್ಲದಾಗ ಕಡಲು ನುಗ್ಗಿಬಿಟ್ಟಿತ್ತು ಕಂಪಾದ್ರೆ," ಎಂದರು ನಗುತ್ತಾ. "ನಾನಿದ್ದು ನಿಮ್ಮ ಒಡ್ಡು ಹೋಗೋಕೆ ಬಿಡ್ತೀನಾ?"

ಅಪ್ಪ ಕೈಯಲ್ಲಿದ್ದ ಚೀಲವನ್ನು ಮರಳ ಮೇಲಿಟ್ಟರು. ಹೇಳುವುದಾದರೆ ಈಗ, ಇಲ್ಲವಾದರೆ ಈ ಜನ್ಮದಲ್ಲಿ ಇಲ್ಲ ಎಂದು ಅಲ್ಲಿದ್ದ ನನಗೂ ಗೊತ್ತಾಯಿತು.

"ಕಡಲಲ್ಲ ಕಂಪಾದ್ರೆ. ನಾನೇ ಕೆಡವಿದ್ದೆ."

"ಯಾಕೆ?"

"ನಿಮ್ಮ ಮರಳು ಹಿಡ್ಕೊಂಡಿರೋದು ಇದೇ. ಹಡಗುಕಟ್ಟೆ ಅಲ್ಲ. ನಿಮ್ಮ ತೆಂಗಿನಮರ, ಅಂಗಳ, ಎಲ್ಲಾ ತಿಂದಿದ್ದು ನನ್ನ ಒಡ್ಡು."

ನಸಾರಿಯೋ ನಗು ಮುಖದ ಮೇಲೆ ಇನ್ನೂ ಉಳಿದಿತ್ತು, ತೆಗೆಯಲು ಮರೆತವರಂತೆ. ಒಡ್ಡನ್ನು ನೋಡಿದರು, ತಮ್ಮ ಮನೆಯನ್ನು ನೋಡಿದರು. ಅಪ್ಪನನ್ನು ಮಾತ್ರ ನೋಡಲಿಲ್ಲ.

"ಮೊದಲನೇ ಚೀಲ ನನ್ನ ಹೆಗಲಿಗೆ ಕೊಟ್ರಲ್ಲ, ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಮಿರ್ನಾ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಅಪ್ಪನನ್ನು ಬೈಯಲಿಲ್ಲ. ಗಂಡನ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ತೆಂಗಿನಮರ ಬಿದ್ದ ದಿನವೇ ನಾನು ಹೇಳಿದ್ದೆ. ಕಂಪಾದ್ರೆ ಮೇಲೆ ಇಂಥ ಮಾತಾಡೋ ಬಾಯಿಗೆ ಹುಳ ಬೀಳತ್ತೆ ಅಂದ್ರಿ. ಆಮೇಲೆ ವಾರಗಟ್ಲೆ ನನ್ನ ಕೈಯಡುಗೆ ಊಟ ಮಾಡ್ಲಿಲ್ಲ."

ಅಪ್ಪನ ಮುಖ ಆಗ ಹೇಗಾಯಿತೆಂದು ನಾನು ಹೇಳಲಾರೆ. ತಮ್ಮ ಒಡ್ಡಿನಿಂದ ಮರಳು ಹೋಗಿದ್ದು ಅವರಿಗೆ ಗೊತ್ತಿತ್ತು. ಪಕ್ಕದ ಮನೆಯೊಳಗೆ ಗಂಡಹೆಂಡಿರ ನಡುವೆಯೂ ಅದು ಕೊರೆದಿದೆ ಎಂದು ಗೊತ್ತಿರಲಿಲ್ಲ. ಅವರು ಅಂಗಿಯನ್ನೂ ಕಳಚದೆ ನೀರಿಗಿಳಿದು ಹಾರೆ ಹಾಕಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಸಾರಿಯೋ ಕೂಡ ಇಳಿದರು. ಬೆಳಗ್ಗೆ ತಾವೇ ಕೂರಿಸಿದ್ದ ಚೀಲಗಳನ್ನು ಸಂಜೆಯವರೆಗೂ ಕಿತ್ತರು. ಸಂದು ಬಿಡುವುದು ಗಿಡುವುದು ಇಲ್ಲ, ಅಪ್ಪ ಪೂರ್ತಿಯಾಗಿ ಬುಡಮಟ್ಟ ತೆಗೆದರು.

ಮರಳಿಗೆ ಅವಸರವಿಲ್ಲ. ನಮ್ಮ ಅಂಗಳದಿಂದ ಎದ್ದು ಪಕ್ಕದ ಮನೆಗೆ ಹೋಗಲು ಅದು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಗಾಳಿಗೆ ಆ ತಾಳ್ಮೆಯಿಲ್ಲ. ನವೆಂಬರಿನಲ್ಲಿ ಬಡಗಣ ಗಾಳಿ ಎರಡು ಹಗಲು ಬಿಡದೆ ಬೀಸಿತು. ಮೊದಲನೇ ಮಧ್ಯಾಹ್ನವೇ ನಸಾರಿಯೋ ಮುಂಗೋಡೆ ಕೂತಿತು. ನಾವೆಲ್ಲ ಸೇರಿ ಪಾತ್ರೆ, ತೂಗುಹಾಸಿಗೆ, ಪವಿತ್ರ ಚಿತ್ರಗಳು, ಮಿರ್ನಾ ಅವರ ಹೊಲಿಗೆ ಯಂತ್ರ ಹೊರಗೆ ತಂದೆವು. ಅಪ್ಪ ಬೀಳುವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು, ಹುಚ್ಚರ ಹಾಗೆ. ನಸಾರಿಯೋ ಅವರ ಕೈಹಿಡಿದು ಎಳೆದುಕೊಂಡರು. ಮಾರನೇ ದಿನ ಛಾವಣಿಯೂ ಇಳಿಯಿತು. ನಮ್ಮ ಮನೆಗೆ ಬನ್ನಿ ಎಂದು ಅಮ್ಮ ಮಿರ್ನಾ ಅವರ ಕೈಹಿಡಿದು ಕರೆದರು. ಅವರು ಕೈ ಬಿಡಿಸಿಕೊಂಡು ಗಂಡನೊಂದಿಗೆ ಒಳನಾಡಿನ ತಮ್ಮ ಅಕ್ಕನ ಊರಿಗೆ ಬಸ್ಸು ಹತ್ತಿದರು. ನಸಾರಿಯೋ ಅಲ್ಲಿ ಕತ್ತಾಳೆ ನಾರಿನ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದರು ಎಂದು ಸುದ್ದಿ ಬಂತು. ಕಡಲು ಬಿಟ್ಟು ಬೇರೇನೂ ಅರಿಯದ ಮನುಷ್ಯ ಅವರು.

ವಸಂತಕ್ಕೆ ಮರಳು ಬಂತು. ನಮ್ಮ ಅಡುಗೆಮನೆ ಮತ್ತೆ ಹೋಯಿತು; ಈ ಸಲ ಅಮ್ಮ ಕುಟುಕದೆ ಹೊರಗೆ ಮೂರು ಕಲ್ಲು ಹೂಡಿದರು. ಪಡುವಣಕ್ಕೆ, ನಸಾರಿಯೋ ಮನೆಯಿದ್ದ ಜಾಗದ ಮುಂದೆ, ಬಿಳಿ ಮರಳು ಅಗಲವಾಗಿ ಹಾಸಿಕೊಂಡಿತು. ಹುಡುಗರು ಅಲ್ಲಿ ಚೆಂಡಾಡತೊಡಗಿದರು. ಚೆನ್ನಾಗಿತ್ತು. ನಾನು ಮಾತ್ರ ಆ ಕಡೆ ಕಾಲಿಡುತ್ತಿರಲಿಲ್ಲ. ಮರಳು ಯಾವತ್ತೂ ಬರಲು ತಯಾರಾಗಿಯೇ ಇತ್ತು, ಅಪ್ಪ ಒಂದು ವರ್ಷ ಮೊದಲು ಬಾಯಿ ಬಿಟ್ಟಿದ್ದರೆ ಅಲ್ಲೊಂದು ಮನೆಯೂ ಇರುತ್ತಿತ್ತು.

ಅಪ್ಪ ಒಂದು ದಿನ ಕರಣೆ, ತೂಗುಗುಂಡು, ಅಳತೆಪಟ್ಟಿ ಚೀಲಕ್ಕೆ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಒಳನಾಡಿಗೆ ಹೊರಟರು. ಆ ಜಾಗದಲ್ಲಿ, ಸ್ವಲ್ಪ ಹಿಂದಕ್ಕೆ ಸರಿಸಿ, ಎತ್ತರದ ಕಂಬಗಳ ಮೇಲೆ ಮನೆ ಕಟ್ಟಿಕೊಡುತ್ತೇನೆ, ಕಲ್ಲು ಮರ ಎಲ್ಲ ಹೊಂದಿಸಿದ್ದೇನೆ, ಕಂಪಾದ್ರೆ ಬರೀ ಹೂಂ ಅಂದರೆ ಸಾಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದ್ದನ್ನೇ ಹೇಳಿದರು. ಅವರು ಇಷ್ಟು ಮಾತಾಡಿ ಬಹಳ ಕಾಲವಾಗಿತ್ತು.

ನಸಾರಿಯೋ ಒಂದೇ ಕೋಣೆಯ ಮನೆಯಲ್ಲಿದ್ದರು. ಬಾಗಿಲಿಗೇ ಬಂದು ಇಬ್ಬರನ್ನೂ ತಬ್ಬಿಕೊಂಡರು. ನಾನು ಕೈಗೆ ಮುತ್ತಿಟ್ಟೆ, ತಲೆ ಸವರಿದರು. ಇದ್ದ ಒಂದು ಕುರ್ಚಿಯನ್ನು ಅಪ್ಪನಿಗೆ ಕೊಟ್ಟು ತಾವು ಸಕ್ಕರೆ ಡಬ್ಬದ ಮೇಲೆ ಕೂತರು. ಮಿರ್ನಾ ಕಾಫಿ ಕೊಟ್ಟು ಹಿತ್ತಲಿಗೆ ಹೋದರು. ಅಪ್ಪ ಎಲ್ಲವನ್ನೂ ಹೇಳಿದರು. ಕಂಬ ಎಷ್ಟು ಎತ್ತರ, ಬಾಗಿಲು ಯಾವ ಕಡೆ, ಗಾಳಿ ಬಂದರೆ ನೀರು ಹೇಗೆ ಅಡಿಯಲ್ಲೇ ಹಾದುಹೋಗುತ್ತದೆ. ಹೇಳುತ್ತಾ ಹೇಳುತ್ತಾ ಅತ್ತರು, ಕಣ್ಣು ಒರೆಸಿಕೊಂಡು ಮತ್ತೆ ಕಂಬದ ಲೆಕ್ಕಕ್ಕೆ ಬಂದರು.

ನಸಾರಿಯೋ ಪೂರ್ತಿ ಕೇಳಿದರು. ಆಮೇಲೆ ಅಪ್ಪನ ಮಂಡಿಯ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಬರ್ತಾ ಇರಿ ಕಂಪಾದ್ರೆ, ಇದು ನಿಮ್ಮ ಮನೆ," ಎಂದರು. "ಆದ್ರೆ ನಮಗೆ ಇನ್ನೇನೂ ಕಟ್ಟಬೇಡಿ."